ಬೋರ್ಡಿನ ಮೂಲೆಯಲ್ಲಿ ಬರೆದ ಹೆಸರು

ಶಾಲೆಯ ಮೆಟ್ಟಿಲು ಹತ್ತಿದ ಯಾರಿಗೂ ಈ ದೃಶ್ಯ ಹೊಸತಲ್ಲ. ಶಿಕ್ಷಕರಿಗೆ ಆಫೀಸಿನಿಂದ ಕರೆ ಬಂದಿದೆ. ಅಥವಾ ಬಿಸಿಯೂಟದ ಅಕ್ಕಿ ಬಂದಿಳಿದಿದೆ. ಅಥವಾ ಪಕ್ಕದ ತರಗತಿಯವರು ರಜೆಯಲ್ಲಿದ್ದು, ಎರಡು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳಬೇಕಾಗಿದೆ. ಹೊರಡುವ ಮುನ್ನ ಅವರು ಒಂದೇ ಮಾತು ಹೇಳುತ್ತಾರೆ: 'ಲೀಡರ್, ಮಾತನಾಡಿದವರ ಹೆಸರು ಬರೆ.' ಲೀಡರ್ ಎದ್ದು ಬಂದು ಸೀಮೆಸುಣ್ಣ ಹಿಡಿಯುತ್ತಾನೆ. ಬೋರ್ಡಿನ ಬಲಮೂಲೆಯಲ್ಲಿ 'ಮಾತನಾಡಿದವರು' ಎಂದು ಬರೆದು ಅದರಡಿ ಗೆರೆ ಎಳೆಯುತ್ತಾನೆ. ಒಮ್ಮೆ ಮಾತನಾಡಿದರೆ ಹೆಸರು. ಮತ್ತೊಮ್ಮೆ ಮಾತನಾಡಿದರೆ ಹೆಸರಿನ ಮುಂದೆ ಒಂದು ಕೂಡಿಸುವ ಚಿಹ್ನೆ. ಮೂರು ನಾಲ್ಕು ಚಿಹ್ನೆ ಬಿದ್ದವರ ಪಾಡು ದೇವರೇ ಬಲ್ಲ.

ನಾವು ಮಕ್ಕಳಾಗಿದ್ದಾಗ ಈ ಪಟ್ಟಿಗೆ ಹೆದರುತ್ತಿದ್ದೆವು. ಶಿಕ್ಷಕರಾದ ಮೇಲೆ ಅದನ್ನೇ ಬಳಸಿದೆವು. ನಮ್ಮ ಶಿಕ್ಷಕರು ನಮಗೆ ಕಲಿಸಿದ ಪಾಠಗಳಲ್ಲಿ ಎಷ್ಟೋ ಮರೆತು ಹೋಗಿವೆ. ಆದರೆ ಅವರ ರೂಢಿಗಳು ಮಾತ್ರ ಮರೆಯಲಿಲ್ಲ. ರೂಢಿಯ ಗುಣವೇ ಅಂಥದ್ದು. ಯಾರೂ ಅದನ್ನು ಪ್ರಶ್ನಿಸುವುದಿಲ್ಲವಾದ್ದರಿಂದ ಅದು ಉತ್ತರ ಕೊಡಬೇಕಾದ ಪ್ರಸಂಗವೇ ಬರುವುದಿಲ್ಲ. ಒಂದು ಮಗುವಿನ ಕೈಗೆ ಸೀಮೆಸುಣ್ಣ ಕೊಟ್ಟು ಉಳಿದ ಮಕ್ಕಳ ತಪ್ಪುಗಳನ್ನು ಬರೆಯಲು ಹೇಳುವುದು ಸರಿಯೇ? ಹಾಗೆ ಬರೆದ ಹೆಸರು ಪಾಠ ಮುಗಿದ ಮೇಲೆ ನಿಜಕ್ಕೂ ಅಳಿಸಿಹೋಗುತ್ತದೆಯೇ? ಹಲವಾರು ವರ್ಷ ಪಾಠ ಮಾಡಿದ ಬಳಿಕ ಈ ಪ್ರಶ್ನೆ ನಮ್ಮೆದುರು ಬಂತು. ಅದೂ ನಾವಾಗಿ ಕೇಳಿಕೊಂಡದ್ದಲ್ಲ. ಒಬ್ಬ ಹುಡುಗನಿಗೆ ಅನ್ಯಾಯವಾದ ಮೇಲೆ ಕೇಳಿಕೊಳ್ಳಬೇಕಾಗಿ ಬಂತು.

ಕರಾವಳಿಯ ಒಂದು ಹಿರಿಯ ಪ್ರಾಥಮಿಕ ಶಾಲೆ ನಮ್ಮದು. ಏಳನೇ ತರಗತಿಯಲ್ಲಿ ಮೂವತ್ತೆಂಟು ಮಕ್ಕಳು. ಹೆಚ್ಚಿನವರು ಬೆಳಿಗ್ಗೆ ಮದ್ರಸ ಮುಗಿಸಿ, ಮನೆಯಲ್ಲಿ ಒಂದು ಲೋಟ ಚಹಾ ಕುಡಿದು, ಚೀಲ ಬದಲಾಯಿಸಿಕೊಂಡು ಶಾಲೆಗೆ ಓಡಿ ಬರುವವರು. ಮನೆಯಲ್ಲಿ ಬ್ಯಾರಿ ಅಥವಾ ತುಳು, ಆಟದ ಬಯಲಿನಲ್ಲಿ ಎರಡೂ, ಪುಸ್ತಕದಲ್ಲಿ ಮಾತ್ರ ಕನ್ನಡ. ಗಂಟೆ ಬಾರಿಸಿದರೆ ಸಾಲು, ಸಾಲಿನ ನಂತರ ಪ್ರಾರ್ಥನೆ, ನಾಡಗೀತೆ, ವಾರ್ತೆ ಓದುವುದು. ತರಗತಿಗೆ ಬಂದರೆ ಮೊದಲ ಕೆಲಸ ಹಾಜರಿ. ಮಳೆಗಾಲದಲ್ಲಿ ಕೊಡೆಗಳಿಂದ ನೀರು ಸೋರಿ ಜಗಲಿಯೆಲ್ಲ ಒದ್ದೆಯಾಗಿರುತ್ತದೆ. ಒದ್ದೆ ಬಟ್ಟೆಯ ವಾಸನೆಯ ನಡುವೆ ಒಂದೊಂದೇ ಹೆಸರು ಕರೆಯುತ್ತೇವೆ. ಒಂದೊಂದೇ ದನಿ 'ಹಾಜರ್ ಸರ್' ಎನ್ನುತ್ತದೆ. ದನಿ ಕೇಳಿದರೇ ಸಾಕು, ಯಾರಿಗೆ ಶೀತ, ಯಾರ ಮನೆಯಲ್ಲಿ ರಾತ್ರಿ ಜಗಳವಾಗಿದೆ, ಯಾರು ತಿಂಡಿ ತಿನ್ನದೆ ಬಂದಿದ್ದಾರೆ ಎಂಬುದು ಹಳೆಯ ಶಿಕ್ಷಕರಿಗೆ ತಿಳಿಯುತ್ತದೆ.

2018ರ ಮಳೆಗಾಲದಲ್ಲಿ ಆ ತರಗತಿಗೆ ಹೊಸ ಹುಡುಗನೊಬ್ಬ ಸೇರಿದ. ತಂದೆ ತಾಯಿ ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬಂದವರು. ನಮ್ಮ ಊರುಗಳಲ್ಲಿ ಏಳುತ್ತಿರುವ ಮನೆ, ಮಳಿಗೆ, ಮಸೀದಿ, ದೇವಸ್ಥಾನಗಳ ಕಲ್ಲು ಹೊರುವವರು ಹೆಚ್ಚಾಗಿ ಅವರೇ. ಅವನ ಹೆಸರನ್ನು ನಾವು ಇಲ್ಲಿ ಬರೆಯುವುದಿಲ್ಲ. ಅದನ್ನು ಬೇಕಾದುದಕ್ಕಿಂತ ಹೆಚ್ಚು ಸಲ ಬೋರ್ಡಿನ ಮೇಲೆ ಬರೆದಾಗಿದೆ. ಇಡೀ ತರಗತಿಯಲ್ಲಿ ಮನೆಮಾತು ಕನ್ನಡವಾಗಿದ್ದವನು ಅವನೊಬ್ಬನೇ. ವಿಚಿತ್ರವೆಂದರೆ ಕನ್ನಡ ಪಾಠದಲ್ಲಿ ಅವನು ಬಾಯಿ ತೆರೆದರೆ ಉಳಿದವರು ನಗುತ್ತಿದ್ದರು. ಅವನ 'ಹೌದ್ರೀ ಸರ' ಅವರಿಗೆ ತಮಾಷೆಯಾಗಿತ್ತು. ನಾವೂ ಒಂದೆರಡು ಬಾರಿ ಮುಗುಳ್ನಕ್ಕಿರಬೇಕು.

ಅವನ ದನಿ ದೊಡ್ಡದು. ಗುಟ್ಟಾಗಿ ಮಾತನಾಡಲು ಬಾರದು. ಪಕ್ಕದವರು ತುಳುವಿನಲ್ಲೋ ಬ್ಯಾರಿಯಲ್ಲೋ ಏನಾದರೂ ಹೇಳಿ ನಕ್ಕರೆ, 'ಏನಂದ್ರಿ? ಹಂಗಂದ್ರ ಏನು?' ಎಂದು ಕೇಳುತ್ತಿದ್ದ. ಹೀಗಾಗಿ ಬೋರ್ಡಿನ ಮೂಲೆಯ ಪಟ್ಟಿಯಲ್ಲಿ ಅವನ ಹೆಸರು ದಿನವೂ ಇರುತ್ತಿತ್ತು. ಹಲವು ಸಲ ಮೊದಲನೆಯದಾಗಿ. ನಾವು ಬಂದು ಪಟ್ಟಿ ನೋಡಿ, ಅವನನ್ನು ಎಬ್ಬಿಸಿ ನಿಲ್ಲಿಸಿ, ಎರಡು ಮಾತು ಗದರಿ, ಕೂರಿಸಿ, ಪಾಠ ಮುಂದುವರಿಸುತ್ತಿದ್ದೆವು. ಅದು ಶಿಕ್ಷೆಯೆಂದು ನಮಗೆ ಅನ್ನಿಸುತ್ತಲೇ ಇರಲಿಲ್ಲ. ಬೆತ್ತ ಎತ್ತಿರಲಿಲ್ಲವಲ್ಲ!

ಒಂದು ಮಂಗಳವಾರ ಒಬ್ಬ ಹುಡುಗನ ವಾಚು ಕಾಣೆಯಾಯಿತು. ಚಿಕ್ಕಪ್ಪ ದಮ್ಮಾಮ್‌ನಿಂದ ತಂದುಕೊಟ್ಟ ವಾಚು. ಹುಡುಗ ಅಳತೊಡಗಿದ. ಯಾರಾದರೂ ನೋಡಿದಿರಾ ಎಂದು ಕೇಳಿದೆವು. ಉತ್ತರವಿಲ್ಲ. ಆಗ ಹಿಂದಿನ ಬೆಂಚಿನಿಂದ ಒಂದು ಪಿಸುಮಾತು ಬಂತು: 'ಅವನೇ ಇರಬೇಕು ಸರ್. ದಿನಾ ಬೋರ್ಡಿನಲ್ಲಿ ಅವನ ಹೆಸರೇ ಅಲ್ವಾ?'

ಈ ಮಾತಿನಲ್ಲಿ ತರ್ಕವಿಲ್ಲ. ಮಾತನಾಡುವುದಕ್ಕೂ ಕದಿಯುವುದಕ್ಕೂ ಏನು ಸಂಬಂಧ? ಆದರೆ ಆ ಕ್ಷಣದಲ್ಲಿ ಅದು ತರ್ಕಬದ್ಧವಾಗಿಯೇ ಕೇಳಿಸಿತು. ನಮ್ಮ ಕಣ್ಣು ಆ ಮಾತು ಬರುವ ಮೊದಲೇ ಅವನತ್ತ ಹೋಗಿತ್ತೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಅವನನ್ನು ಮುಂದೆ ಕರೆದು ಚೀಲ ಬಿಚ್ಚಿಸಿದೆವು. 'ನಾ ತಗೊಂಡಿಲ್ರೀ ಸರ' ಎಂದ. ಮೂವತ್ತೇಳು ಮಕ್ಕಳ ಎದುರು ಅವನ ಚೀಲದಿಂದ ಎರಡು ಪುಸ್ತಕ, ಮೂಲೆ ಮಡಿಸಿದ ನೋಟುಬುಕ್ಕುಗಳು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಅರ್ಧ ರೊಟ್ಟಿ, ಮುರಿದ ಸ್ಕೇಲು ಹೊರಬಂದವು. ವಾಚು ಇರಲಿಲ್ಲ. ಚೀಲ ಖಾಲಿಯಾದರೂ ಅನುಮಾನ ಖಾಲಿಯಾಗಲಿಲ್ಲ. 'ಎಲ್ಲೋ ಅಡಗಿಸಿದ್ದಾನೆ' ಎಂದು ಮಕ್ಕಳು ಮಾತನಾಡಿಕೊಂಡರು. ಅನುಮಾನವೆಂಬುದು ಹೀಗೆಯೇ ಕೆಲಸ ಮಾಡುತ್ತದೆ. ಸಾಕ್ಷ್ಯ ಸಿಕ್ಕರೆ ಅವನೇ ಕಳ್ಳ. ಸಾಕ್ಷ್ಯ ಸಿಗದಿದ್ದರೆ ಅವನು ಇನ್ನೂ ಚಾಲಾಕಿ ಕಳ್ಳ.

ಬುಧವಾರ ಬೆಳಿಗ್ಗೆ ವಾಚು ಸಿಕ್ಕಿತು. ಮಂಗಳವಾರ ಮದ್ರಸದಲ್ಲಿ ವುಝೂ ಮಾಡುವಾಗ ಬಿಚ್ಚಿಟ್ಟದ್ದನ್ನು ಹುಡುಗ ಅಲ್ಲಿಯೇ ಮರೆತಿದ್ದ. ಉಸ್ತಾದರು ಎತ್ತಿಟ್ಟು ಮರುದಿನ ಕೊಟ್ಟರು. ಆದರೆ ಆ ದಿನ ನಮ್ಮ ಹುಡುಗ ಶಾಲೆಗೆ ಬಂದಿರಲಿಲ್ಲ. ಹಾಜರಿ ಕರೆಯುವಾಗ ಅವನ ಹೆಸರಿಗೆ ಉತ್ತರ ಬರಲಿಲ್ಲ.

ಸಂಜೆ ಅವರ ಶೆಡ್ಡಿಗೆ ಹೋದೆವು. ಕಟ್ಟುತ್ತಿರುವ ಕಟ್ಟಡದ ಹಿಂಬದಿ, ತಗಡಿನ ಗೋಡೆ, ತಗಡಿನ ಮಾಡು. ತಂದೆ ಕೈಯಲ್ಲಿದ್ದ ಸಿಮೆಂಟು ತೊಳೆದುಕೊಳ್ಳುತ್ತ ಎದ್ದು ನಿಂತರು. ವಾಚು ಸಿಕ್ಕಿದ ವಿಷಯ ಹೇಳಿದೆವು. ನಮ್ಮಿಂದ ತಪ್ಪಾಯಿತೆಂದೂ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: 'ಮಾಸ್ತರ್ರು ಸುಮ್‌ಸುಮ್ನ ಚೀಲ ತೆಗಸ್ತಾರೇನ್ರೀ? ಏನರ ಕಂಡಿರ್ತೈತಿ ಅಂತ ನಾನೂ ನಾಕು ಬಾರಿಸಿದ್ನಿರೀ.' ಹುಡುಗ ತಗಡಿನ ಗೋಡೆಗೆ ಒರಗಿ ಕೂತಿದ್ದ. 'ಇರ್ಲಿ ಬಿಡ್ರೀ ಸರ' ಎಂದ.

ನಾವು ಅವನಿಗೆ ಹೊಡೆದಿರಲಿಲ್ಲ. ಆದರೆ ನಮ್ಮ ಅನುಮಾನ ಅವನ ಮನೆಗೆ ಹೋಗಿ ಹೊಡೆದಿತ್ತು. ಆ ತಂದೆ ಶಿಕ್ಷಕರ ಮೇಲೆ ಇಟ್ಟ ಗೌರವವೇ ಅವನ ಬೆನ್ನಿನ ಮೇಲೆ ಬಾಸುಂಡೆಯಾಯಿತು. ಶಿಕ್ಷಕರ ಮಾತು ಎಷ್ಟು ದೂರ ಹೋಗುತ್ತದೆಂದು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದು ಅಷ್ಟೇ ದೂರ ಹೋಗಿ ಗಾಯವನ್ನೂ ಮಾಡುತ್ತದೆಂಬುದನ್ನು ಯಾರೂ ಹೇಳುವುದಿಲ್ಲ.

ಗುರುವಾರ ಹುಡುಗ ಶಾಲೆಗೆ ಬಂದ. ವಾಚು ಸಿಕ್ಕಿದ ವಿಷಯ ಮಕ್ಕಳಿಗೆ ತಿಳಿದೇ ಇತ್ತು. ಮನೆಗೆ ಹೋಗಿ ತಪ್ಪೊಪ್ಪಿಕೊಂಡಾಯಿತಲ್ಲ, ವಿಷಯ ಮುಗಿಯಿತೆಂದು ನಾವು ಪಾಠ ಶುರುಮಾಡಿದೆವು. ಆದರೆ ವಿಷಯ ಮುಗಿದಿರಲಿಲ್ಲ. ಅವನ ಪಕ್ಕ ಕೂರುತ್ತಿದ್ದವನು ಬೇರೆ ಬೆಂಚಿಗೆ ಹೋಗಿದ್ದ. ಯಾರೂ ಅವನನ್ನು ಕಳ್ಳನೆನ್ನಲಿಲ್ಲ, ಆದರೆ ಎಲ್ಲರ ಕಂಪಾಸು ಪೆಟ್ಟಿಗೆಗಳೂ ಚೀಲದೊಳಗೆ ಸೇರಿದ್ದವು.

ಇಲ್ಲಿ ನಮ್ಮೆದುರು ನಿಂತ ಪ್ರಶ್ನೆ ಇದು: ಎಲ್ಲರ ಎದುರು ಮಾಡಿದ ತಪ್ಪಿಗೆ ಯಾರೂ ಇಲ್ಲದ ಕಡೆ ಕೇಳಿದ ಕ್ಷಮೆ ಸಾಕೇ?

ಅಲ್ಲಾಹನ ಹಕ್ಕು ಮತ್ತು ಮನುಷ್ಯರ ಹಕ್ಕು ಎಂಬ ವಿಂಗಡಣೆ ಇಸ್ಲಾಮಿನ ನೀತಿಶಾಸ್ತ್ರದಲ್ಲಿ ಬಹಳ ಮುಖ್ಯವಾದುದು. ಅಲ್ಲಾಹನಿಗೆ ಸಂಬಂಧಿಸಿದ ಲೋಪಕ್ಕೆ ಪಶ್ಚಾತ್ತಾಪಪಟ್ಟು ಅವನಲ್ಲಿ ಕ್ಷಮೆ ಬೇಡಬಹುದು. ಆದರೆ ಇನ್ನೊಬ್ಬ ಮನುಷ್ಯನ ಹಕ್ಕನ್ನು ಕಸಿದಿದ್ದರೆ ಮೊದಲು ಅದನ್ನು ಮರಳಿಸಬೇಕು, ಅವನಿಂದ ಕ್ಷಮೆ ಪಡೆಯಬೇಕು. ಹಣ ಕಸಿದಿದ್ದರೆ ಹಣ ಮರಳಿಸುವುದು ಸುಲಭ. ಮಾನ ಕಸಿದಿದ್ದರೆ? ಮಾನ ಎಂಬುದು ಒಬ್ಬನ ಜೇಬಿನಲ್ಲಿರುವ ವಸ್ತುವಲ್ಲ. ಅದು ಇತರರ ಕಣ್ಣಿನಲ್ಲಿರುತ್ತದೆ. ಮೂವತ್ತೇಳು ಮಕ್ಕಳ ಕಣ್ಣಿನಿಂದ ತೆಗೆದದ್ದನ್ನು ತಗಡಿನ ಶೆಡ್ಡಿನಲ್ಲಿ ಮರಳಿಸಲಾಗದು. ಎಲ್ಲಿಂದ ತೆಗೆದೆವೋ ಅಲ್ಲಿಯೇ ಇಡಬೇಕು.

ಬದ್ರ್ ಯುದ್ಧದ ದಿನದ ಒಂದು ಪ್ರಸಂಗವನ್ನು ಪ್ರವಾದಿಯವರ ಹಳೆಯ ಜೀವನಚರಿತ್ರೆಗಳು ದಾಖಲಿಸಿವೆ. ಕ್ರಿ.ಶ. 624ರ ಮಾತು. ಪ್ರವಾದಿ(ಸ) ಕೈಯಲ್ಲಿ ಒಂದು ಬಾಣ ಹಿಡಿದು ಸೈನಿಕರ ಸಾಲುಗಳನ್ನು ನೇರಗೊಳಿಸುತ್ತಿದ್ದರು. ಸವಾದ್ ಬಿನ್ ಗಝಿಯ್ಯಾ(ರ) ಸಾಲಿನಿಂದ ಸ್ವಲ್ಪ ಮುಂದೆ ನಿಂತಿದ್ದರು. ಪ್ರವಾದಿಯವರು ಬಾಣದಿಂದ ಅವರ ಹೊಟ್ಟೆಯನ್ನು ಮೆಲ್ಲನೆ ಚುಚ್ಚಿ ನೇರವಾಗಿ ನಿಲ್ಲಲು ಹೇಳಿದರು. ತಮಗೆ ನೋವಾಯಿತೆಂದೂ ತಮಗೆ ಪ್ರತೀಕಾರದ ಹಕ್ಕು ಬೇಕೆಂದೂ ಸವಾದ್ ಹೇಳಿದರು. ಸೇನಾನಾಯಕರೂ ದೇವದೂತರೂ ಆಗಿದ್ದವರು ಸಾಲುಗಟ್ಟಿ ನಿಂತಿದ್ದ ಸೈನ್ಯದ ಎದುರೇ ತಮ್ಮ ಉಡುಪು ಸರಿಸಿ ಹೊಟ್ಟೆ ತೋರಿಸಿದರು. ಸವಾದ್ ಪ್ರತೀಕಾರ ತೀರಿಸಲಿಲ್ಲ. ಅವರನ್ನು ಅಪ್ಪಿಕೊಂಡು ಮುತ್ತಿಟ್ಟರು.

ದಿನವೂ ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳ ಸಾಲು ನೇರಗೊಳಿಸುವ ನಮಗೆ ಈ ಪ್ರಸಂಗ ಬಹಳ ಹತ್ತಿರದ್ದು. ಇದನ್ನು ನಾವು ಎಷ್ಟೋ ಸಲ ಮಿಲಾದ್ ಸಭೆಗಳಲ್ಲಿ ಕೇಳಿದ್ದೇವೆ, ಕಣ್ಣು ಒದ್ದೆ ಮಾಡಿಕೊಂಡಿದ್ದೇವೆ. ಆದರೆ ಅದರಲ್ಲಿರುವ ಒಂದು ವಿವರ ನಮ್ಮ ಗಮನಕ್ಕೆ ಬಂದಿರಲಿಲ್ಲ. ನೋವು ಸಾಲಿನ ಮಧ್ಯೆ ಆಗಿತ್ತು. ಪರಿಹಾರವೂ ಸಾಲಿನ ಮಧ್ಯೆಯೇ ಆಯಿತು. ಆಮೇಲೆ ಡೇರೆಗೆ ಬಾ, ಮಾತನಾಡೋಣ ಎಂದು ಪ್ರವಾದಿಯವರು ಹೇಳಲಿಲ್ಲ.

ಸೋಮವಾರ ಹಾಜರಿ ಮುಗಿದ ಮೇಲೆ ನಾವು ಪುಸ್ತಕ ಮುಚ್ಚಿ ಹೇಳಿದೆವು: 'ಕಳೆದ ಮಂಗಳವಾರ ಇವನ ಚೀಲವನ್ನು ನಿಮ್ಮೆಲ್ಲರ ಎದುರು ಬಿಚ್ಚಿಸಿದೆವು. ಇವನು ಕದ್ದಿದ್ದಾನೆಂಬುದಕ್ಕೆ ನಮ್ಮಲ್ಲಿ ಯಾವ ಆಧಾರವೂ ಇರಲಿಲ್ಲ. ಅದು ನಮ್ಮ ತಪ್ಪು. ನಿಮ್ಮೆಲ್ಲರ ಎದುರು ಇವನಲ್ಲಿ ಕ್ಷಮೆ ಕೇಳುತ್ತೇವೆ.' ತರಗತಿ ನಿಶ್ಶಬ್ದವಾಯಿತು. ಹುಡುಗ ತಲೆ ತಗ್ಗಿಸಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಬಂದು ಅಪ್ಪಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನ ನಂತರ ಲೀಡರ್ ಎದ್ದು ನಿಂತು ಕೇಳಿದ: 'ಸರ್, ಹಾಗಾದರೆ ಇನ್ನು ಹೆಸರು ಬರೆಯುವುದು ಬೇಡವಾ?'

ನಾವು ವಾಚಿನ ಬಗ್ಗೆ ಮಾತನಾಡಿದ್ದೆವು. ಹನ್ನೆರಡು ವರ್ಷದ ಹುಡುಗ ಬೋರ್ಡಿನ ಬಗ್ಗೆ ಕೇಳಿದ್ದ. ಬೇರು ಎಲ್ಲಿದೆಯೆಂಬುದು ಅವನಿಗೆ ನಮಗಿಂತ ಮೊದಲು ತಿಳಿದಿತ್ತು. ಮಧ್ಯಾಹ್ನ ಊಟದ ನಂತರ ಅವನನ್ನು ಕರೆದು, ದಿನವೂ ಅದೇ ಹೆಸರು ಯಾಕೆ ಬರೆಯುತ್ತಿದ್ದೆ ಎಂದು ಮೆಲ್ಲಗೆ ಕೇಳಿದೆವು. ಅವನು ಮುಚ್ಚುಮರೆಯಿಲ್ಲದೆ ಹೇಳಿದ: 'ಯಾರ ಹೆಸರೂ ಬರೆಯದಿದ್ದರೆ ನೀವು ನನಗೆ ಬೈಯುತ್ತೀರಿ ಸರ್. ಬೇರೆಯವರ ಹೆಸರು ಬರೆದರೆ ಅವರು ದಾರಿಯಲ್ಲಿ ನನಗೆ ಹೊಡೆಯುತ್ತಾರೆ. ಅವನ ಹೆಸರು ಬರೆದರೆ ಯಾರೂ ಏನೂ ಹೇಳುವುದಿಲ್ಲ.'

ಆ ಹುಡುಗನ ಮೇಲೆ ನಮಗೆ ಸಿಟ್ಟು ಬರಲಿಲ್ಲ. ನಾವು ಅವನಿಗೆ ಕೊಟ್ಟದ್ದು ಜವಾಬ್ದಾರಿಯೆಂದು ತಿಳಿದಿದ್ದೆವು. ನಿಜವಾಗಿ ಕೊಟ್ಟದ್ದು ಭಯ. ಆ ಭಯವನ್ನು ಅವನು ಎಲ್ಲಿ ಇಳಿಸಬಹುದೋ ಅಲ್ಲಿ ಇಳಿಸಿದ, ಪರವಾಗಿ ಮಾತನಾಡಲು ಯಾರೂ ಇಲ್ಲದವನ ತಲೆಯ ಮೇಲೆ. ಪಟ್ಟಿಯನ್ನು ಅವನು ಬರೆದಿರಬಹುದು. ಬರೆಸಿದವರು ನಾವು. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಖಲ್ದೂನ್ ತಮ್ಮ 'ಮುಕದ್ದಿಮಾ'ದಲ್ಲಿ ಶಿಕ್ಷಣದ ಬಗ್ಗೆ ಬರೆಯುತ್ತ, ಕಠೋರತೆಯಿಂದ ಬೆಳೆಸಿದ ಮಕ್ಕಳು ಸುಳ್ಳು ಮತ್ತು ಕಪಟವನ್ನು ಕಲಿಯುತ್ತಾರೆಂದು ಎಚ್ಚರಿಸಿದ್ದಾರೆ. ಶಿಕ್ಷೆಗೆ ಹೆದರಿ ಮನಸ್ಸಿನಲ್ಲಿಲ್ಲದ್ದನ್ನು ತೋರಿಸುವುದು ಅವರಿಗೆ ಅಭ್ಯಾಸವಾಗುತ್ತದೆ ಎಂಬುದು ಅವರ ಅಭಿಪ್ರಾಯ. ನಮ್ಮ ತರಗತಿಯಲ್ಲಿ ಅದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ತಪ್ಪನ್ನು ಕಂಡವರು ಹೇಳಬೇಕು, ಸಾಕ್ಷ್ಯವನ್ನು ಮರೆಮಾಚಬಾರದು ಎಂದು ಕುರ್‌ಆನ್ ಆದೇಶಿಸುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಆದೇಶಿಸುತ್ತದೆ. ಒಬ್ಬನಿಗೆ ಅನ್ಯಾಯವಾಗಿರುವಾಗ, ಅವನ ಹಕ್ಕು ಉಳಿಸಲು ಕಂಡದ್ದನ್ನು ಕಂಡ ಹಾಗೆ ಹೇಳುವುದು ಸಾಕ್ಷ್ಯ. ಅದು ಧೈರ್ಯದ ಕೆಲಸ, ಮಕ್ಕಳಿಗೆ ಅದನ್ನು ಕಲಿಸಲೇಬೇಕು. ಆದರೆ ತಪ್ಪು ಆಗಲಿ ಎಂದು ಕಾದು ಕೂತು, ಅದು ಆದೊಡನೆ ಬರೆದಿಡುವುದು ಬೇರೆಯೇ ಕೆಲಸ. ಅದಕ್ಕೆ ಗೂಢಚರ್ಯೆ ಎಂದು ಹೆಸರು. ಅಲ್ ಹುಜುರಾತ್ ಅಧ್ಯಾಯವು ಅನುಮಾನ, ಗೂಢಚರ್ಯೆ ಮತ್ತು ಪರನಿಂದೆ ಈ ಮೂರನ್ನೂ ಒಂದೇ ಸೂಕ್ತದಲ್ಲಿ (49:12), ಅದೇ ಕ್ರಮದಲ್ಲಿ ನಿಷೇಧಿಸುತ್ತದೆ. ಈ ಕ್ರಮ ಆಕಸ್ಮಿಕವಲ್ಲ ಅನ್ನಿಸುತ್ತದೆ. ಮೊದಲು ಮನಸ್ಸಿನಲ್ಲಿ ಅನುಮಾನ ಹುಟ್ಟುತ್ತದೆ. ಅದನ್ನು ನಿಜ ಮಾಡಿಕೊಳ್ಳಲು ಕಣ್ಣು ಹುಡುಕಾಡುತ್ತದೆ. ಆಮೇಲೆ ನಾಲಿಗೆ ಅದನ್ನು ಊರಿಗೆಲ್ಲ ಹಂಚುತ್ತದೆ. ಬೋರ್ಡಿನ ಮೂಲೆಯಲ್ಲಿ ಮೂರೂ ಕೆಲಸ ಒಂದೇ ಸೀಮೆಸುಣ್ಣದಲ್ಲಿ ಮುಗಿಯುತ್ತದೆ.

ಖಲೀಫ ಉಮರ್(ರ) ಬಗ್ಗೆ ಹೇಳುವ ಪ್ರಸಿದ್ಧ ಪ್ರಸಂಗವೊಂದು ಇದಕ್ಕೆ ಒಪ್ಪುತ್ತದೆ. ರಾತ್ರಿ ಗಸ್ತು ತಿರುಗುವಾಗ ಅನುಮಾನಗೊಂಡು ಗೋಡೆ ಹತ್ತಿ ಒಬ್ಬನ ಮನೆಗೆ ಇಳಿದ ಅವರು ಅವನನ್ನು ತಪ್ಪಿನಲ್ಲಿ ಹಿಡಿದರು. ಆಗ ಅವನು, ತಾನು ಮಾಡಿದ್ದು ಒಂದು ತಪ್ಪಾದರೆ ಖಲೀಫರು ಮೂರು ಮಾಡಿದ್ದಾರೆಂದು ಹೇಳಿದನಂತೆ. ಗೂಢಚರ್ಯೆ ನಡೆಸಿದ್ದು, ಬಾಗಿಲು ಬಿಟ್ಟು ಗೋಡೆ ಹಾರಿದ್ದು, ಅನುಮತಿಯಿಲ್ಲದೆ ಸಲಾಮ್ ಹೇಳದೆ ಒಳಗೆ ಬಂದದ್ದು. ಉಮರ್ ಒಪ್ಪಿಕೊಂಡು ಹೊರಟುಹೋದರು. ಶಿಸ್ತು ಕಾಪಾಡುವ ಅಧಿಕಾರಕ್ಕೂ ಒಂದು ಗೋಡೆಯಿದೆ ಎಂಬುದು ಇದರ ಪಾಠ.

ಪ್ರವಾದಿಯವರು(ಸ) ಯಾರಾದರೂ ತಪ್ಪು ಮಾಡಿದ್ದು ತಿಳಿದರೆ ಅವರ ಹೆಸರು ಹೇಳುತ್ತಿರಲಿಲ್ಲ, ಕೆಲವರು ಹೀಗೆ ಮಾಡುತ್ತಾರಲ್ಲ ಎಂದು ಸಾಮಾನ್ಯವಾಗಿ ಮಾತನಾಡುತ್ತಿದ್ದರು ಎಂದು ಹದೀಸ್ ಗ್ರಂಥಗಳು ತಿಳಿಸುತ್ತವೆ. ಕ್ರಿ.ಶ. 1111ರಲ್ಲಿ ನಿಧನರಾದ ಇಮಾಮ್ ಗಝಾಲಿಯವರು ಶಿಕ್ಷಕರ ಕರ್ತವ್ಯಗಳನ್ನು ವಿವರಿಸುವಾಗ ವಿದ್ಯಾರ್ಥಿಯನ್ನು ಕೆಟ್ಟದ್ದರಿಂದ ತಡೆಯಲು ನೇರ ನಿಂದನೆಗಿಂತ ಸೂಚನೆ ಮೇಲು, ಗದರಿಕೆಗಿಂತ ಕರುಣೆ ಮೇಲು ಎನ್ನುತ್ತಾರೆ. ಹೆಸರು ಹೇಳದಿರುವುದು ಸುಧಾರಣೆಯ ವಿಧಾನವಾಗಿದ್ದ ಪರಂಪರೆಯ ವಾರಸುದಾರರು ನಾವು. ನಮ್ಮ ಶಾಲೆಗಳಲ್ಲಿ, ಮದ್ರಸಗಳಲ್ಲಿ ಹೆಸರು ಬರೆಯುವುದೇ ವಿಧಾನವಾಗಿದೆ!

ನಾಚಿಕೆಯಿಲ್ಲದೆ ಮಕ್ಕಳು ತಿದ್ದಿಕೊಳ್ಳುವುದು ಹೇಗೆ ಎಂಬ ಆಕ್ಷೇಪವೂ ಇದೆ. ಹಯಾ, ಅಂದರೆ ಲಜ್ಜೆ, ವಿಶ್ವಾಸದ ಒಂದು ಶಾಖೆಯೆಂದು ಪ್ರವಾದಿ ವಚನವಿದೆ. ಆದರೆ ಲಜ್ಜೆಗೂ ಅವಮಾನಕ್ಕೂ ಅಜಗಜಾಂತರ. ಲಜ್ಜೆ ಒಳಗಿನಿಂದ ಹುಟ್ಟುತ್ತದೆ. ಅವಮಾನವನ್ನು ಹೊರಗಿನಿಂದ ಹೊರಿಸಲಾಗುತ್ತದೆ. ತನಗೊಂದು ಮಾನವಿದೆ, ಅದನ್ನು ಕಳೆದುಕೊಳ್ಳಬಾರದು ಎಂದುಕೊಂಡವನಿಗೆ ಲಜ್ಜೆ. ಕಳೆದುಕೊಳ್ಳಲು ಏನೂ ಉಳಿಯದವನಿಗೆ ಎಲ್ಲಿಯ ಲಜ್ಜೆ? ಮೊದಲ ದಿನ ಬೋರ್ಡಿನ ಮೇಲೆ ಹೆಸರು ಬಂದಾಗ ಮಗು ತಲೆ ತಗ್ಗಿಸುತ್ತದೆ. ಹತ್ತನೆಯ ದಿನ ನಗುತ್ತದೆ. ಇಪ್ಪತ್ತನೆಯ ದಿನ, ಹೇಗೂ ಹೆಸರು ಬರುತ್ತದಲ್ಲ ಎಂದು ಮಾತನಾಡಿಯೇ ಬಿಡುತ್ತದೆ. ನಾವು ಲಜ್ಜೆ ಕಲಿಸುತ್ತಿಲ್ಲ, ಅದನ್ನು ಖರ್ಚು ಮಾಡಿ ಮುಗಿಸುತ್ತಿದ್ದೇವೆ.

ಕಾನೂನು ಕೂಡ ಈ ದಿಕ್ಕಿನಲ್ಲಿಯೇ ಮಾತನಾಡುತ್ತದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 1992ರಲ್ಲಿ ಭಾರತವು ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಮಗುವಿಗೂ ಮಾನ ಮರ್ಯಾದೆಯಿದೆ, ಅದರ ಮೇಲೆ ದಾಳಿ ಸಲ್ಲದು ಎನ್ನುತ್ತದೆ. ತರಬೇತಿಗಳಲ್ಲಿ ನಾವು ಇದನ್ನೆಲ್ಲ ಕೇಳಿ, ಬೆತ್ತವನ್ನು ಕಪಾಟಿನ ಮೇಲೆ ಎಸೆದು, ಕಾನೂನು ಪಾಲಿಸಿದೆವೆಂದು ಸಮಾಧಾನಪಟ್ಟೆವು. ಬೆತ್ತ ಕಣ್ಣಿಗೆ ಕಾಣುತ್ತದೆ, ಬೋರ್ಡಿನ ಮೂಲೆ ಕಾಣುವುದಿಲ್ಲ.

ಈ ವಿಷಯದಲ್ಲಿ ನಮ್ಮ ಸಮುದಾಯಕ್ಕೆ ಬೇರೆಯವರಿಗಿಂತ ಹೆಚ್ಚು ತಿಳಿದಿರಬೇಕಿತ್ತು. ಹೆಸರು ಕೇಳಿದೊಡನೆ ಬಾಡಿಗೆ ಮನೆ ಖಾಲಿಯಿಲ್ಲ ಎನ್ನುವವರನ್ನು ನಾವು ಕಂಡಿದ್ದೇವೆ. ಎಲ್ಲೋ ಏನೋ ನಡೆದರೆ ಯಾರನ್ನು ಮೊದಲು ಅನುಮಾನಿಸಲಾಗುತ್ತದೆ ಎಂಬ ಬಗ್ಗೆ ಲೇಖನ ಬರೆದಿದ್ದೇವೆ, ಭಾಷಣ ಮಾಡಿದ್ದೇವೆ. ಆ ದೂರು ನ್ಯಾಯವಾದುದೇ. ಆದರೆ ನಾವು ಬಹುಸಂಖ್ಯಾತರಾಗಿರುವ ಒಂದು ಪುಟ್ಟ ತರಗತಿಯಲ್ಲಿ, ಹೊರಗಿನಿಂದ ಬಂದ ಒಬ್ಬನೇ ಹುಡುಗನಿಗೆ ನಾವು ಮಾಡಿದ್ದೇನು? ಅನ್ನಿಸಾ ಅಧ್ಯಾಯದ 105ನೇ ಸೂಕ್ತದಿಂದ ಮುಂದಿನ ಭಾಗಕ್ಕೆ ವ್ಯಾಖ್ಯಾನಕಾರರು ಒಂದು ಹಿನ್ನೆಲೆ ಹೇಳುತ್ತಾರೆ. ಮದೀನಾದಲ್ಲಿ ಒಂದು ಕವಚ ಕಳವಾಯಿತು. ಕದ್ದವನು ಮುಸ್ಲಿಮರ ನಡುವಿನವನು. ಅನುಮಾನವನ್ನು ಹೊರಿಸಿದ್ದು ಒಬ್ಬ ಯಹೂದಿಯ ಮೇಲೆ. ಕದ್ದವನ ಕಡೆಯವರು ಗುಂಪುಗೂಡಿ ಬಂದು ತಮ್ಮವನ ಪರ ವಾದಿಸಿದರು. ದೇವವಾಣಿ ಅವತೀರ್ಣವಾದದ್ದು ಆ ನಿರಪರಾಧಿ ಯಹೂದಿಯ ಪರವಾಗಿ. ಮಾಡದ ತಪ್ಪನ್ನು ನಿರಪರಾಧಿಯ ಮೇಲೆ ಹೊರಿಸುವುದು ಘೋರ ಪಾಪವೆಂದು ಅಲ್ಲಿ ಸಾರಲಾಗಿದೆ. ನ್ಯಾಯ ಎಂಬುದು ನಮಗೆ ಸಿಗಬೇಕಾದಾಗ ಕೇಳುವ ವಸ್ತು ಮಾತ್ರವಲ್ಲ, ನಮ್ಮ ಕೈ ಮೇಲಿರುವಾಗ ಕೊಡಬೇಕಾದ ವಸ್ತು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳಲು ಸಾಧ್ಯ?

ಮಕ್ಕಳ ಎದುರು ಕ್ಷಮೆ ಕೇಳಿದರೆ ಶಿಕ್ಷಕರ ಗೌರವ ಕಡಿಮೆಯಾಗುವುದಿಲ್ಲವೇ ಎಂದು ಸಹೋದ್ಯೋಗಿಗಳು ಕೇಳಿದರು. ಈ ಭಯ ನಮಗೂ ಇತ್ತು. ಗುರುವಾರದಿಂದ ಸೋಮವಾರದವರೆಗೆ ನಾವು ಸುಮ್ಮನಿದ್ದುದಕ್ಕೆ ಕಾರಣ ಈ ಭಯವೇ ಹೊರತು ಬೇರೇನಲ್ಲ. ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಒಬ್ಬ ಹುಡುಗನಿಗೆ ರೂಲು ದೊಣ್ಣೆಯಿಂದ ಹೊಡೆದುದನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಮರೆಮಾಚದೆ ಬರೆದಿದ್ದಾರೆ. ಹೊಡೆಯುವಾಗ ತಮ್ಮ ಕೈ ನಡುಗಿದ್ದನ್ನೂ, ಆ ಕೃತ್ಯಕ್ಕೆ ಪಶ್ಚಾತ್ತಾಪಪಟ್ಟದ್ದನ್ನೂ ಹೇಳಿಕೊಂಡಿದ್ದಾರೆ. ಅದನ್ನು ಓದಿ ಅವರ ಮೇಲಿನ ಗೌರವ ಕಳೆದುಕೊಂಡವರು ಯಾರು? ತಪ್ಪೇ ಮಾಡದವರಂತೆ ನಟಿಸುವುದರಿಂದ ಬರುವ ಗೌರವವು ಮಕ್ಕಳು ದೊಡ್ಡವರಾಗುವವರೆಗೆ ಮಾತ್ರ ಬಾಳುತ್ತದೆ.

ಹಾಗೆಂದು ಪಟ್ಟಿ ನಿಲ್ಲಿಸಿದೊಡನೆ ತರಗತಿ ಸ್ವರ್ಗವಾಯಿತೆಂದು ಹೇಳಿದರೆ ಅದು ಸುಳ್ಳು. ಮೊದಲ ಎರಡು ವಾರ ಗದ್ದಲ ಹೆಚ್ಚಾಯಿತು. ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಂತು ಎರಡು ಬಾರಿ ಎಚ್ಚರಿಸಿದರು. ಮೂವತ್ತೆಂಟು ಮಕ್ಕಳನ್ನು ಬಿಟ್ಟು ಹೊರಗೆ ಹೋಗಬೇಕಾದ ಪರಿಸ್ಥಿತಿ ಬದಲಾಗಿರಲಿಲ್ಲ. ಶಿಕ್ಷಕರ ಕೊರತೆಯಿರುವ ಕಡೆ ಲೀಡರನ ಸೀಮೆಸುಣ್ಣವೇ ಎರಡನೇ ಶಿಕ್ಷಕ ಎಂಬುದು ಕಹಿಸತ್ಯ. ನಾವು ಕೆಲವು ಸಣ್ಣ ಬದಲಾವಣೆಗಳನ್ನು ಮಾಡಿದೆವು. ಹೊರಗೆ ಹೋಗುವಾಗ ಮಾಡಲೊಂದು ಕೆಲಸ ಕೊಟ್ಟು ಹೋಗುವುದು. ಬಂದ ಮೇಲೆ ಯಾರು ಮಾತನಾಡಿದರು ಎಂದು ಕೇಳುವ ಬದಲು ಯಾರಿಗೆ ಎಲ್ಲಿ ಅರ್ಥವಾಗಲಿಲ್ಲ ಎಂದು ಕೇಳುವುದು. ಲೀಡರನನ್ನು ವಾರಕ್ಕೊಮ್ಮೆ ಬದಲಾಯಿಸುವುದು. ಅವನ ಕೆಲಸ ಬರೆಯುವುದಲ್ಲ, ನೆರವಾಗುವುದು. ಒಂದು ವಾರ ಆ ಹುಡುಗನೂ ಲೀಡರಾದ. ಬ್ಯಾರಿ ಮತ್ತು ತುಳು ಶಬ್ದಗಳಿಗೆ ಅವನ ಊರಿನ ಕನ್ನಡದಲ್ಲಿ ಏನೆನ್ನುತ್ತಾರೆಂದು ಬರೆಯುವ ಒಂದು ಪಟ್ಟಿ ಶುರುವಾಯಿತು. ಅದೇ ಬಲಮೂಲೆಯಲ್ಲಿ.

ಕೆಲವು ಬದಲಾವಣೆಗಳು ಫಲಿಸಲಿಲ್ಲ. ತಮ್ಮ ತಪ್ಪನ್ನು ತಾವೇ ಬರೆದು ಡಬ್ಬಿಗೆ ಹಾಕಿರೆಂದು ಹೇಳಿ ನೋಡಿದೆವು. ಮಕ್ಕಳು ಒಬ್ಬರ ತಪ್ಪನ್ನು ಇನ್ನೊಬ್ಬರು ಬರೆದು ಹಾಕಿದರು! ರೂಢಿ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅದು ಅವರಿಗೆ ನಮ್ಮಿಂದ ಬಂದುದಲ್ಲವೇ?

ಮರುವರ್ಷದ ಬೇಸಿಗೆಯಲ್ಲಿ ಕಟ್ಟಡದ ಕೆಲಸ ಮುಗಿಯಿತು. ತಂದೆ ವರ್ಗಾವಣೆ ಪತ್ರ ಕೇಳಿಕೊಂಡು ಬಂದರು. ಪತ್ರದಲ್ಲಿ ವಿದ್ಯಾರ್ಥಿಯ ನಡತೆಗೆ ಒಂದು ಕಾಲಮು ಇರುತ್ತದೆ. ಸಾಮಾನ್ಯವಾಗಿ ನಾವು ಯೋಚಿಸದೆ 'ಉತ್ತಮ' ಎಂದು ತುಂಬಿಸುತ್ತೇವೆ. ಅಂದು ಆ ಒಂದು ಪದ ಬರೆಯುವಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಅವನ ನಡತೆಯ ಬಗ್ಗೆ ಸಂಶಯವಿದ್ದುದರಿಂದಲ್ಲ. ನಮ್ಮ ನಡತೆಗೆ ಅಂಥದ್ದೊಂದು ಕಾಲಮು ಇದ್ದಿದ್ದರೆ ಅವನು ಏನು ಬರೆಯುತ್ತಿದ್ದ ಎಂದು ಯೋಚಿಸಿ.

ಶಾಲೆಯಲ್ಲಿ ದಿನವೂ ಹೆಸರುಗಳ ಎರಡು ಪಟ್ಟಿಗಳಿರುತ್ತವೆ. ಒಂದರಲ್ಲಿ ಹೆಸರು ಕರೆದರೆ ಮಗು 'ಇದ್ದೇನೆ' ಎನ್ನುತ್ತದೆ. ಇನ್ನೊಂದರಲ್ಲಿ ಹೆಸರು ಬರೆದರೆ ಮಗು ಇಲ್ಲವಾಗಲು ಬಯಸುತ್ತದೆ. ನಮ್ಮೆಲ್ಲರ ಹೆಸರುಗಳಿರುವ ಕರ್ಮಪತ್ರವೊಂದು ಅಂತಿಮ ದಿನ ತೆರೆಯಲ್ಪಡುತ್ತದೆಂದು ನಂಬುವವರು ನಾವು. ಅಂದು ನಮ್ಮ ತಪ್ಪುಗಳನ್ನು ಎಲ್ಲರೆದುರು ಬಯಲು ಮಾಡದೆ ಮುಚ್ಚಿಡು ಎಂದು ಅಲ್ಲಾಹನಲ್ಲಿ ಬೇಡಿಕೊಳ್ಳುತ್ತೇವೆ. ಇನ್ನೊಬ್ಬರ ತಪ್ಪನ್ನು ಮುಚ್ಚಿದವರ ತಪ್ಪನ್ನು ಅವನು ಮುಚ್ಚುತ್ತಾನೆಂಬ ಭರವಸೆಯೂ ಇದೆ. ಹಾಗಿರುವಾಗ, ನಾಳೆ ಬೆಳಿಗ್ಗೆ ತರಗತಿಯಿಂದ ಹೊರಡುವ ಮುನ್ನ ಆ ಹಳೆಯ ಮಾತನ್ನು ಹೇಳುವುದೋ ಬೇಡವೋ ಎಂದು ಒಂದು ಕ್ಷಣ ಬಾಗಿಲಲ್ಲಿ ನಿಂತು ಯೋಚಿಸುವುದು ನಮಗೇ ಒಳ್ಳೆಯದು.